ಆಮೆನ್ ತನಕ ತಲುಪದ ಪ್ರಾರ್ಥನೆ

ಡೊಂಬಿವಲಿಯಿಂದ ದಾದರಿಗೆ ಫಾಸ್ಟ್ ಲೋಕಲ್ ಸಿಕ್ಕರೂ ಮುಕ್ಕಾಲು ಗಂಟೆ ಬೇಕು. ಯೇಸು ಕಲಿಸಿದ ಕರ್ತನ ಪ್ರಾರ್ಥನೆ ಹೇಳಿ ಮುಗಿಸಲು ಅರ್ಧ ನಿಮಿಷ ಸಾಕು. 2023ರ ಮಳೆಗಾಲದಲ್ಲಿ ನನಗೆ ಆ ಮುಕ್ಕಾಲು ಗಂಟೆಯೂ ಸಾಲುತ್ತಿರಲಿಲ್ಲ. ಡೊಂಬಿವಲಿಯಲ್ಲಿ "ಪರಲೋಕದಲ್ಲಿರುವ ನಮ್ಮ ತಂದೆಯೇ" ಅಂತ ಶುರು ಮಾಡಿದರೆ ಘಾಟ್‌ಕೋಪರ್ ದಾಟಿದರೂ "ಅನುದಿನದ ಆಹಾರ"ದಲ್ಲೇ ಇರುತ್ತಿದ್ದೆ.

ನಿಯಮಗಳನ್ನು ನಾನೇ ಮಾಡಿಕೊಂಡಿದ್ದೆ. ನಡುವೆ ಗಮನ ತಪ್ಪಿದರೆ ಮತ್ತೆ ಮೊದಲಿನಿಂದ. ಲೇಡೀಸ್ ಡಬ್ಬಿಯಲ್ಲಿ ಯಾರಾದರೂ ಮೊಣಕೈ ತಾಗಿಸಿ, ನಾನು ಮನಸ್ಸಿನಲ್ಲೇ ಬೈದುಕೊಂಡರೆ ಮೊದಲಿನಿಂದ. ಕಿವಿಯೋಲೆ, ಕ್ಲಿಪ್ ಮಾರುವ ಹುಡುಗಿ ಬಂದು ನನ್ನ ಕಣ್ಣು ಆ ಕಡೆ ಹೋದರೆ ಮೊದಲಿನಿಂದ. ಇವೆಲ್ಲ ಸಣ್ಣವು. ದೊಡ್ಡದು ಬೇರೆ ಇತ್ತು. ಪ್ರಾರ್ಥನೆಯ ನಡುವೆ ದೇವರ ಬಗ್ಗೆ ಒಂದು ಹೊಲಸು ಮಾತು ತಾನಾಗಿ ತಲೆಯೊಳಗೆ ಬರುತ್ತಿತ್ತು. ನಾನು ಕರೆದದ್ದಲ್ಲ. ಬರಬಾರದು ಅಂದಷ್ಟೂ ಬರುತ್ತಿತ್ತು. ಮಾರ್ಕನ ಸುವಾರ್ತೆ 3ನೇ ಅಧ್ಯಾಯ 29ನೇ ವಚನ ಓದಿದವರಿಗೆ ನನ್ನ ಹೆದರಿಕೆ ಗೊತ್ತಾಗುತ್ತದೆ. ಪವಿತ್ರಾತ್ಮನನ್ನು ದೂಷಿಸಿದವನಿಗೆ ಎಂದಿಗೂ ಕ್ಷಮಾಪಣೆ ಇಲ್ಲ ಅನ್ನುವ ವಚನ ಅದು. ನಾನು ಅದನ್ನು ಮಾಡಿಬಿಟ್ಟೆ ಅಂತ ನನಗೆ ಖಾತ್ರಿಯಾಗಿತ್ತು. ಮುಲುಂಡ್ ಸ್ಟೇಷನ್ನಿನಲ್ಲಿ, ಬೆಳಿಗ್ಗೆ ಎಂಟೂವರೆಗೆ, ಕೈಯಲ್ಲಿ ಟಿಫಿನ್ ಚೀಲ ಹಿಡಿದುಕೊಂಡು.

ನಾವು ಉಡುಪಿ ಕಡೆಯ ಬಾಸೆಲ್ ಮಿಷನ್ನಿನವರು. 1834ರಲ್ಲಿ ಮಂಗಳೂರಿಗೆ ಬಂದ ಮಿಷನರಿಗಳಿಂದ ಶುರುವಾದ ಸಭೆಗಳಲ್ಲಿ, ಅಂದರೆ ಚರ್ಚುಗಳಲ್ಲಿ, ಬೆಳೆದ ಮನೆತನ. ಮನೆಯಲ್ಲಿ ತುಳು, ದೇವರ ಹತ್ತಿರ ಕನ್ನಡ. ಮುಂಬೈಗೆ ಬಂದು 17 ವರ್ಷ ಆದರೂ ಆ ಎರಡು ಬದಲಾಗಿಲ್ಲ. ಒಂದು ಶಿಪ್ಪಿಂಗ್ ಏಜೆನ್ಸಿಯಲ್ಲಿ ಅಕೌಂಟ್ಸ್ ನೋಡುತ್ತೇನೆ. ಪ್ರತಿ ಬಿಲ್ಲನ್ನೂ ಮೂರು ಸಲ ನೋಡುವ ನನ್ನ ಅಭ್ಯಾಸಕ್ಕೆ ಆಫೀಸಿನಲ್ಲಿ ಒಳ್ಳೆಯ ಹೆಸರಿದೆ. ಹುಚ್ಚಿನ ಒಂದು ತುದಿಗೆ ಸಂಬಳವೂ ಸಿಗುತ್ತದೆ ನೋಡಿ.

ಮೊದಲು ನಿಂತದ್ದು ಕರ್ತನ ಭೋಜನ, ಸಭೆಯಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಸಂಸ್ಕಾರ. ಅಯೋಗ್ಯವಾಗಿ ರೊಟ್ಟಿಯನ್ನು ತಿಂದವನು, ಪಾತ್ರೆಯಲ್ಲಿ ಕುಡಿದವನು ಅಪರಾಧಿಯಾಗುತ್ತಾನೆ ಅಂತ ಪೌಲನು ಕೊರಿಂಥದವರಿಗೆ ಬರೆದ ಮಾತನ್ನು ಪ್ರತಿ ಸಲ ಓದುತ್ತಾರಲ್ಲ, ಅದು ನನ್ನ ಮುಖ ನೋಡಿಯೇ ಓದಿದ ಹಾಗಿರುತ್ತಿತ್ತು. ಏಳು ತಿಂಗಳು ತಪ್ಪಿಸಿದೆ. ಸರಿಯಾಗಿ ಆ ಹೊತ್ತಿಗೆ ಎದ್ದು ಬಾತ್‌ರೂಮಿಗೆ ಹೋಗುವುದು. ನಮ್ಮದು ಸಣ್ಣ ಕನ್ನಡ ಸಭೆ. ಯಾರು ಯಾವ ಬೆಂಚಿನಲ್ಲಿ ಕೂತಿಲ್ಲ ಅನ್ನುವುದು ಎಲ್ಲರಿಗೂ ಗೊತ್ತಿರುತ್ತದೆ. ಭಾನುವಾರ ಆರಾಧನೆ ಮುಗಿದು ಚಹಾ ಕುಡಿಯುವಾಗ ಯಾರೋ ಗಮನಿಸಿದ್ದು ಮಂಗಳವಾರಕ್ಕೆ ಉಡುಪಿಯಲ್ಲಿ ಅಮ್ಮನ ಕಿವಿಗೆ ಬಿದ್ದಿರುತ್ತದೆ. ಬಿತ್ತು. ಅಮ್ಮ ಫೋನ್ ಮಾಡಿ ಹೇಳಿದ್ದು ಇಷ್ಟೇ: "ಮಗಾ, ನಿನ್ನ ಪ್ರಾರ್ಥನೆ ಕಡಿಮೆಯಾಗಿದೆ."

ನನಗೆ ನಗು ಬಂತು. ಆಮೇಲೆ ನಕ್ಕಿದ್ದಕ್ಕೆ ಕ್ಷಮೆ ಕೇಳುತ್ತಾ ರಾತ್ರಿ ಹನ್ನೊಂದೂವರೆ ಆಯಿತು.

ಯಾರನ್ನಾದರೂ ನೋಡಬೇಕು ಅಂತ ಹೇಳಿದವರು ಇವರೇ, ನನ್ನ ಯಜಮಾನರು. ನಾನು ಒಂದೇ ಷರತ್ತು ಹಾಕಿದೆ: ಕ್ರೈಸ್ತರೇ ಆಗಬೇಕು. ಬೇರೆಯವರಿಗೆ ಇದನ್ನು ಹೇಗೆ ಹೇಳುವುದು? ಪವಿತ್ರಾತ್ಮ ಅಂದರೆ ಏನು ಅನ್ನುವಲ್ಲಿಂದ ಶುರು ಮಾಡಬೇಕು. ದುಡ್ಡು ಕೊಟ್ಟು ಸಂಡೇ ಸ್ಕೂಲ್ ಪಾಠ ಮಾಡಿದ ಹಾಗೆ. ಆರು ಜನಕ್ಕೆ ಫೋನ್ ಮಾಡಿದೆ. ಆರೂ ಜನರಿಗೆ ನನ್ನ ಮೊದಲ ಪ್ರಶ್ನೆ "ನೀವು ಕ್ರಿಶ್ಚಿಯನ್ನಾ?" ಒಬ್ಬರು ತಣ್ಣಗೆ, "ನೀವು ಮನೆ ಬಾಡಿಗೆಗೆ ಕೊಡ್ತಿದ್ದೀರಾ?" ಅಂತ ಕೇಳಿದರು. ಈ ಊರಿನಲ್ಲಿ ಆ ಪ್ರಶ್ನೆ ಯಾವಾಗ ಬರುತ್ತದೆ ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು.

ಷರತ್ತಿನ ಪ್ರಕಾರ ಸಿಕ್ಕಿದವರು ಒಬ್ಬ ಆಂಟಿ. ಪಶ್ಚಿಮ ರೈಲ್ವೆಯ ಒಂದು ದೂರದ ಸ್ಟೇಷನ್ನಿನ ಹತ್ತಿರ ಅವರ ಪ್ರಾರ್ಥನಾ ಮನೆ. ಬಾಗಿಲಲ್ಲಿ ಕೌನ್ಸೆಲರ್ ಅಂತ ಬೋರ್ಡು. ಬಹಳ ಪ್ರೀತಿಯ ಹೆಂಗಸು, ಕೈ ಹಿಡಿದುಕೊಂಡೇ ಕೇಳಿಸಿಕೊಂಡರು. ಕೇಳಿ ಮುಗಿದ ಮೇಲೆ ನನ್ನಲ್ಲಿ ಅರಿಕೆ ಮಾಡದ ಪಾಪ ಯಾವುದೋ ಉಳಿದಿದೆ ಅಂದರು. ಮೂರು ದಿನ ಉಪವಾಸ. ದಿನಾ 21 ಸಲ ಒಂದು ವಚನ ಬರೆಯುವುದು. ಬಾಲ್ಯದಿಂದ ಈವರೆಗಿನ ಪಾಪಗಳ ಪಟ್ಟಿ ಮಾಡುವುದು.

ಪಟ್ಟಿ! ನನ್ನಂಥವಳಿಗೆ ಪಟ್ಟಿ ಮಾಡಲು ಹೇಳಿದರೆ ಏನಾಗುತ್ತದೆ? ಇನ್ನೂರು ಪುಟದ ನೋಟ್‌ಬುಕ್ ತಂದೆ. ಎರಡನೇ ಕ್ಲಾಸಿನಲ್ಲಿ ಪಕ್ಕದವಳ ರಬ್ಬರ್ ಕದ್ದದ್ದು ಒಂದನೇ ನಂಬರ್. ಬರೆದದ್ದು ಸರಿಯಾಗಿದೆಯಾ, ಅವಳ ರಬ್ಬರ್ ಬಿಳಿಯದಾ ಹಸಿರಾ, ಹಸಿರು ಅಂತ ಬರೆದರೆ ಸುಳ್ಳಾಗುತ್ತದಾ. 21 ಸಲದಲ್ಲಿ ಹದಿನಾಲ್ಕನೆಯದರ ಅಕ್ಷರ ಓರೆಯಾದರೆ ಮತ್ತೆ ಒಂದರಿಂದ. ಎರಡು ವಾರದಲ್ಲಿ ನಾಲ್ಕು ಕಿಲೋ ಇಳಿದೆ. ಆಂಟಿಗೆ ಅದು ಆತ್ಮಿಕ ಹೋರಾಟದ ಗುರುತಾಗಿ ಕಂಡಿತು. ಅವರ ಮೇಲೆ ನನಗೆ ಇವತ್ತೂ ಸಿಟ್ಟಿಲ್ಲ ಅಂದರೆ ಸುಳ್ಳಾಗುತ್ತದೆ. ಸ್ವಲ್ಪ ಇದೆ.

ಅಲ್ಲಿಂದ ನೇರ ಎದುರು ದಿಕ್ಕಿಗೆ ಹೋದೆ. ಬಾಂದ್ರಾದ ಒಂದು ಕ್ಲಿನಿಕ್, ಒಂದು ಸೆಷನ್‌ಗೆ 2,500 ರೂಪಾಯಿ. ಗೋಡೆಯ ಮೇಲೆ ಗಿಡ, ಮೂಲೆಯಲ್ಲಿ ಸಣ್ಣ ನೀರಿನ ಸದ್ದು. ಚಿಕ್ಕ ವಯಸ್ಸಿನ ಹುಡುಗ, ಚುರುಕು. ಅರ್ಧ ಗಂಟೆ ಕೇಳಿ ಹೇಳಿದ: ಈ ಅಪರಾಧ ಭಾವನೆ ನಿಮಗೆ ಧರ್ಮ ಕೊಟ್ಟದ್ದು, ಮೂರು ತಿಂಗಳು ಚರ್ಚಿಗೆ ಹೋಗಬೇಡಿ, ಬೈಬಲ್ ಮುಟ್ಟಬೇಡಿ, ಹೇಗನಿಸುತ್ತದೆ ನೋಡೋಣ. ಅವನು ಕೆಟ್ಟವನಲ್ಲ. ಆದರೆ ನಾನು ಹೋಗಿದ್ದು ಸೋರುವ ನಲ್ಲಿ ರಿಪೇರಿಗೆ. ಅವನು ಬಾವಿ ಮುಚ್ಚಿಸಿ ಅಂದ.

ಅಲ್ಲಿಂದ ಇಳಿದು ಸುಮ್ನೆ ನಡೆಯುತ್ತಾ ಮೌಂಟ್ ಮೇರಿ ಗುಡ್ಡ ಹತ್ತಿದೆ. ನಾವು ಪ್ರೊಟೆಸ್ಟಂಟರು, ಹರಕೆ ಗಿರಕೆ ನಮ್ಮಲ್ಲಿಲ್ಲ. ಆದರೂ ಕಾಲು ಹೋಯಿತು. ಚರ್ಚಿನ ಎದುರು ಮೇಣದ ಅಂಗಡಿಗಳ ಸಾಲು. ಕೈ ನೋವಿಗೆ ಮೇಣದ ಕೈ, ಕಾಲು ನೋವಿಗೆ ಮೇಣದ ಕಾಲು, ಮಕ್ಕಳಾಗಲಿ ಅಂತ ಮೇಣದ ಕೂಸು, ಮನೆ ಬೇಕಾದವರಿಗೆ ಮೇಣದ ಮನೆ. ಎಲ್ಲ ಜಾತಿಯವರೂ ಕೊಂಡು ಅರ್ಪಿಸುತ್ತಾರೆ. ಅಂಗಡಿಯ ಹೆಂಗಸಿನ ಹತ್ತಿರ ಹಿಂದಿಯಲ್ಲಿ ಕೇಳಿದೆ, ಮನಸ್ಸು ಸರಿ ಇಲ್ಲದವರಿಗೆ ಯಾವುದು ಅಂತ. ಅವಳು ನನ್ನ ಮುಖ ಒಂದು ಸಲ ನೋಡಿ, ಬುಟ್ಟಿಯಿಂದ ಸಾದಾ ಮೇಣದಬತ್ತಿ ತೆಗೆದುಕೊಟ್ಟಳು. ಚಿಲ್ಲರೆ ಇಲ್ಲ ಅಂದದ್ದಕ್ಕೆ "ರಹನೇ ದೋ", ಇರಲಿ ಬಿಡಿ, ಅಂದಳು. ಪ್ರೊಟೆಸ್ಟಂಟಳಾಗಿ ಅದನ್ನು ಹಚ್ಚುವುದು ತಪ್ಪಾ ಅಂತ ಯೋಚಿಸುತ್ತಾ ಹಚ್ಚದೆ ಪರ್ಸಿನಲ್ಲಿಟ್ಟು ತಂದೆ. ಮೇ ತಿಂಗಳಲ್ಲಿ ಅದು ಕರಗಿ ನನ್ನ ರೈಲ್ವೆ ಪಾಸಿಗೆ ಅಂಟಿಕೊಂಡಿತು. ಅದು ಬೇರೆ ಕತೆ.

ಒಂದು ರಾತ್ರಿ ಎರಡು ಗಂಟೆಗೆ ಗ್ಯಾಲರಿಯಲ್ಲಿ ನಿಂತು 14416ಕ್ಕೆ ಫೋನ್ ಮಾಡಿದೆ. ಟೆಲಿ ಮಾನಸ್, ಸರ್ಕಾರದ್ದು, 2022ರ ಅಕ್ಟೋಬರ್‌ನಲ್ಲಿ ಶುರುವಾದದ್ದು. ದುಡ್ಡಿಲ್ಲ, ಇಡೀ ದಿನ ಇರುತ್ತದೆ. ಆ ಕಡೆಯ ಹೆಂಗಸು ನನ್ನ ಧರ್ಮದ ತಂಟೆಗೇ ಬರಲಿಲ್ಲ. "ಒಂದೇ ಯೋಚನೆ ಮತ್ತೆ ಮತ್ತೆ ಬರುತ್ತದಾ? ಅದನ್ನು ಸರಿಮಾಡಲು ಒಂದೇ ಕೆಲಸ ಮತ್ತೆ ಮತ್ತೆ ಮಾಡ್ತೀರಾ? ದಿನಕ್ಕೆ ಎಷ್ಟು ಹೊತ್ತು ಹೋಗುತ್ತದೆ?" ನಾನು ಲೆಕ್ಕದವಳು, ಕೂಡಿಸಿ ಹೇಳಿದೆ: ಐದು ಗಂಟೆ. ಹೇಳಿದ ಮೇಲೆ ನನಗೇ ಗಾಬರಿಯಾಯಿತು. ಮನೋವೈದ್ಯರನ್ನು ನೋಡಿ, ತಡ ಮಾಡಬೇಡಿ ಅಂದರು.

ಮುಂಬೈಯಲ್ಲಿ ಕೆಇಎಂ, ಸಾಯನ್, ನಾಯರ್ ಮೂರೂ ಪಾಲಿಕೆಯ ಆಸ್ಪತ್ರೆಗಳಲ್ಲಿ ಮನೋರೋಗ ವಿಭಾಗ ಇದೆ. ಕೇಸ್ ಪೇಪರಿಗೆ ಕೊಡುವ ದುಡ್ಡು ಒಂದು ವಡಾ ಪಾವಿಗಿಂತ ಜಾಸ್ತಿ ಇಲ್ಲ. ಸಾಲು ಮಾತ್ರ ಉದ್ದ. ಅಂಥ ಒಂದು ಸಾಲಿನಲ್ಲಿ ಮೂರು ಗಂಟೆ ಕೂತ ಮೇಲೆ ಹತ್ತು ನಿಮಿಷದಲ್ಲಿ ನನ್ನ ಕಾಯಿಲೆಗೆ ಹೆಸರು ಸಿಕ್ಕಿತು. ಓಸಿಡಿ, ಕನ್ನಡದಲ್ಲಿ ಗೀಳು ರೋಗ ಅನ್ನುತ್ತಾರೆ. ಕೆಲವರಿಗೆ ಗೀಳು ಕೈ ತೊಳೆಯುವುದರಲ್ಲಿ, ಕೆಲವರಿಗೆ ಬೀಗ ಎಳೆದು ನೋಡುವುದರಲ್ಲಿ, ಕೆಲವರಿಗೆ ದೇವರಲ್ಲಿ. ಮಾತ್ರೆ ಬರೆದುಕೊಟ್ಟರು. ಈ ಕಾಯಿಲೆಯಲ್ಲಿ ಮಾತ್ರೆಯ ಗುಣ ಕಾಣಲು 8ರಿಂದ 12 ವಾರ ಬೇಕಾಗಬಹುದು, ನಡುವೆ ಬಿಡಬೇಡಿ ಅಂದರು. ಜೊತೆಗೆ ದಾದರಿನ ಒಬ್ಬ ಕ್ಲಿನಿಕಲ್ ಸೈಕಾಲಜಿಸ್ಟ್ ಹೆಸರು. ಹೆಸರು ನೋಡಿದರೆ ಅಪ್ಪಟ ಮರಾಠಿ ಬ್ರಾಹ್ಮಣರು. ನನ್ನ ಷರತ್ತು ಅಲ್ಲೇ ಬಿತ್ತು.

ಮೇಡಂ ಕೋಣೆಯಲ್ಲಿ ಗಿಡವೂ ಇರಲಿಲ್ಲ, ನೀರಿನ ಸದ್ದೂ ಇರಲಿಲ್ಲ. ಎದುರಿನ ಕಟ್ಟಡದಲ್ಲಿ ಯಾರೋ ಹಾರ್ಮೋನಿಯಂ ಕಲಿಯುತ್ತಿದ್ದರು, ಅದೇ ಸದ್ದು. ನಾನು ಎಲ್ಲ ಹೇಳಿದೆ, ಹಿಂದಿ, ಮರಾಠಿ, ಇಂಗ್ಲಿಷ್ ಕಲಸಿ. ಅವರು ಧರ್ಮ ಒಳ್ಳೆಯದು ಅನ್ನಲಿಲ್ಲ, ಕೆಟ್ಟದ್ದು ಅನ್ನಲಿಲ್ಲ. ಕೇಳಿದ್ದು ಒಂದು ಪ್ರಶ್ನೆ: "ನಿಮ್ಮ ಸಭೆಯಲ್ಲಿ ನೀವು ತುಂಬ ಗೌರವಿಸುವ ಒಬ್ಬ ಭಕ್ತೆಯನ್ನು ನೆನೆಸಿಕೊಳ್ಳಿ. ಅವರು ಈ ಪ್ರಾರ್ಥನೆಯನ್ನು ಎಷ್ಟು ಸಲ ಹೇಳುತ್ತಾರೆ?"

ನನ್ನ ಕಣ್ಣ ಮುಂದೆ ಅಮ್ಮ ಬಂದರು. ಒಂದು ಸಲ. ತಲೆಗೆ ಸೆರಗು, ಕಣ್ಣು ಮುಚ್ಚಿ ಒಂದು ಸಲ, ಆಮೇಲೆ ಸೀದಾ ಅಡಿಗೆಮನೆ.

ಮೇಡಂ ತಮ್ಮ ಅಜ್ಜಿಯ ಕತೆ ಹೇಳಿದರು. ಅವರಲ್ಲಿ ಸೋವಳೆ ಅನ್ನುತ್ತಾರೆ, ನಮ್ಮ ಕಡೆ ಮಡಿ. ಅಜ್ಜಿ ಮಡಿ ಸೀರೆಯನ್ನು ಕೋಲಿನಿಂದಲೇ ತೆಗೆಯುತ್ತಿದ್ದರಂತೆ. ಅದು ಮನೆಯ ಪದ್ಧತಿ. ಆದರೆ ಅಜ್ಜಿಗೆ ಒಂದು ಸ್ನಾನ ಸಾಲುತ್ತಿರಲಿಲ್ಲ. ನೀರಿನ ಹನಿ ನೆಲಕ್ಕೆ ಬಿದ್ದು ಕಾಲಿಗೆ ಸಿಡಿದರೆ ಮತ್ತೊಂದು ಕೊಡ. ಸೊಸೆಯಂದಿರು ಒಲೆಯ ಮುಂದೆ ಕಾದು ಕೂತಿರುತ್ತಿದ್ದರು. ನಾನು ಉಡುಪಿಯವಳು, ನನಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಪಕ್ಕದ ಮನೆಯಲ್ಲೂ ಬಾವಿಕಟ್ಟೆ ಬಿಡದ ಅಂಥ ಒಬ್ಬರು ಅಜ್ಜಿ ಇದ್ದರು. ಬರೀ ಭಕ್ತಿ ಅಂದುಕೊಂಡಿದ್ದೆವು. "ಮಡಿ ಮುಗಿಯುತ್ತದೆ. ಅಜ್ಜಿಯದು ಮುಗಿಯುತ್ತಿರಲಿಲ್ಲ," ಅಂದರು ಮೇಡಂ. "ನಿಮ್ಮ ಪ್ರಾರ್ಥನೆಗೆ ಕೊನೆಯ ಶಬ್ದ ಇದೆಯಾ?"

ಆಮೆನ್ ಅಂದೆ.

"ಅದನ್ನು ಕೊನೆಯ ಸಲ ಯಾವಾಗ ಹೇಳಿದ್ದು?"

ನೆನಪಾಗಲಿಲ್ಲ. ಎದುರಿನ ಹಾರ್ಮೋನಿಯಂ ಅದೇ ಸರಿಗಮದಲ್ಲಿ ಸುತ್ತುತ್ತಿತ್ತು. ನಾನು ಅತ್ತುಬಿಟ್ಟೆ.

ಇದಕ್ಕೆ ಮಾಡುವ ಚಿಕಿತ್ಸೆಗೆ ಇಆರ್‌ಪಿ ಅನ್ನುತ್ತಾರೆ. ಹೆದರಿಕೆ ಹುಟ್ಟಿಸುವುದರ ಎದುರು ನಿಲ್ಲಬೇಕು, ನಿಂತು, ಅದನ್ನು ಸರಿಪಡಿಸುವ ಕೆಲಸ ಮಾಡದೆ ಇರಬೇಕು. ಕೈ ತೊಳೆಯುವವರಾದರೆ ಬಾಗಿಲ ಹಿಡಿ ಮುಟ್ಟಿ ತೊಳೆಯದೆ ಕೂರುವುದು. ನನಗೆ ಏನು ಕೊಡಬಹುದು? ಶಿಲುಬೆ ತುಳಿಯಿರಿ ಅನ್ನುತ್ತಾರೇನೋ ಅಂತ ನಡುಗಿದ್ದೆ. ಅಂಥದ್ದು ಯಾವುದೂ ಇಲ್ಲ. ನಿಮ್ಮ ಸಭೆ ನಿಜವಾಗಿ ಪಾಪ ಅನ್ನುವುದನ್ನು ಮಾಡಿಸುವುದಿಲ್ಲ, ಗೀಳು ಪಾಪ ಅನ್ನುವುದನ್ನು ಮಾತ್ರ ಮಾಡಿಸುತ್ತೇನೆ ಅಂದರು. ಆದರೆ ಆ ಗೆರೆ ಎಲ್ಲಿದೆ ಅಂತ ಅವರಿಗೆ ಗೊತ್ತಿಲ್ಲ, ನನಗೆ ನನ್ನ ಮೇಲೇ ನಂಬಿಕೆ ಇಲ್ಲ. "ಯಾರಿಗೆ ಗೊತ್ತೋ ಅವರ ಹತ್ತಿರ ಕೇಳೋಣ. ನಿಮ್ಮ ಪಾಸ್ಟರ್ ಜೊತೆ ಮಾತಾಡಲಾ?"

ನಾನು ಒಪ್ಪಲು ಮೂರು ವಾರ ಬೇಕಾಯಿತು. ಚಹಾದ ಹೊತ್ತಿನ ಮಾತು ನೆನಪಿತ್ತಲ್ಲ. ನಾನು ಬರೆದುಕೊಟ್ಟರೆ ಮಾತ್ರ, ನಾನು ಹೇಳಿದಷ್ಟು ಮಾತ್ರ ಅಂತ ಮೇಡಂ ಹೇಳಿದರು. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಗೋಪ್ಯತೆ ರೋಗಿಯ ಹಕ್ಕು ಅಂತಲೇ ಬರೆದಿದೆ, ಅದು ಅವರ ದೊಡ್ಡಮನಸ್ಸಿನ ವಿಷಯ ಅಲ್ಲ. ಸಹಿ ಮಾಡಿದೆ.

ನಮ್ಮ ಅಯ್ಯನವರ, ಅಂದರೆ ಪಾಸ್ಟರ್, ಬಗ್ಗೆ ಒಂದು ಮಾತು. ಪಾಪ, ಅಷ್ಟು ತಿಂಗಳೂ ನನ್ನ ವಾಟ್ಸಾಪ್ ವಾಯ್ಸ್ ಮೆಸೇಜುಗಳಿಗೆ ಉತ್ತರ ಕೊಡುತ್ತಿದ್ದರು. "ಅಯ್ಯಾ, ಹೀಗೊಂದು ಯೋಚನೆ ಬಂತು, ಪಾಪವಾ?" ಒಂದು ದಿನ ಹನ್ನೊಂದು ಮೆಸೇಜ್. ಹನ್ನೊಂದಕ್ಕೂ "ಅಲ್ಲಮ್ಮ, ಸಮಾಧಾನವಾಗಿರು". ಆ ಸಮಾಧಾನ ಹತ್ತು ನಿಮಿಷ ಇರುತ್ತಿತ್ತು. ಮೇಡಂ ಹೇಳಿದ ಮೇಲೆಯೇ ನಮ್ಮಿಬ್ಬರಿಗೂ ಗೊತ್ತಾದದ್ದು, ಅವರ ಪ್ರತಿ ಉತ್ತರವೂ ನನ್ನ ಕಾಯಿಲೆಗೆ ಒಂದೊಂದು ತುತ್ತು. ಒಪ್ಪಂದ ಆಯಿತು: ಒಂದು ಪ್ರಶ್ನೆಗೆ ಒಂದೇ ಸಲ ಉತ್ತರ. ಎರಡನೇ ಸಲಕ್ಕೆ ಅವರು "ಉತ್ತರ ಕೊಟ್ಟಾಗಿದೆ" ಅಂತ ಮಾತ್ರ ಬರೆಯುತ್ತಿದ್ದರು. ಮೊದಲ ಸಲ ಅದನ್ನು ಓದಿದಾಗ ಅವರ ಮೇಲೆ ಬಂದ ಸಿಟ್ಟು! ಮನೆಯಲ್ಲಿ ನನ್ನ ಯಜಮಾನರಿಗೂ ಅದೇ ನಿಯಮ. ರಾತ್ರಿ ದೀಪ ಆರಿಸಿದ ಮೇಲೆ "ಕ್ಷಮೆ ಸಿಕ್ಕಿರುತ್ತದೆ ಅಲ್ವಾ?" ಅಂತ ಕೇಳಿದರೆ ಗೋಡೆ ಕಡೆ ತಿರುಗಿ ಮಲಗುವುದು.

ಅಯ್ಯನವರೇ ಒಂದು ದಿನ ಕರೆದು, ಪ್ರೊಟೆಸ್ಟಂಟ್ ಮತಸುಧಾರಣೆ ಶುರು ಮಾಡಿದ ಲೂಥರನ ವಿಷಯ ತೆಗೆದರು. ಅಕ್ಟೋಬರ್ ಕೊನೆಯ ಭಾನುವಾರ ಮತಸುಧಾರಣೆಯ ಆರಾಧನೆ ಮಾಡುವವರು ನಾವು. ಮಾರ್ಟಿನ್ ಲೂಥರ್ ಅಂದರೆ ಚರ್ಚ್ ಬಾಗಿಲು, ಸುತ್ತಿಗೆ, ಧೈರ್ಯ ಅಂತ ನನಗೆ ಗೊತ್ತಿದ್ದದ್ದು. 1505ರಲ್ಲಿ ಜರ್ಮನಿಯ ಎರ್ಫರ್ಟ್‌ನ ಮಠ ಸೇರಿದ ಆ ಯುವಕ ದಿನಾ ಪಾಪನಿವೇದನೆಗೆ ಹೋಗುತ್ತಿದ್ದ, ಒಮ್ಮೊಮ್ಮೆ ಆರು ಗಂಟೆ ತನಕ ಎಳೆಯುತ್ತಿದ್ದ, ಮುಗಿಸಿ ಬಂದವನಿಗೆ ಬಿಟ್ಟುಹೋದದ್ದು ನೆನಪಾಗಿ ವಾಪಸ್ ಓಡುತ್ತಿದ್ದ ಅಂತ ಯಾರೂ ಹೇಳಿರಲಿಲ್ಲ. ಅವನ ಗುರು ಸ್ಟೌಪಿಟ್ಸ್ ಕೂಡ ಕೇಳಿ ಕೇಳಿ ಬೇಸತ್ತಿದ್ದನಂತೆ. ಅಯ್ಯನವರು ಅಲ್ಲಿಗೆ ನಿಲ್ಲಿಸಿ ನನ್ನನ್ನು ನೋಡಿದರು. ಹನ್ನೊಂದು ವಾಯ್ಸ್ ಮೆಸೇಜ್ ಕೇಳಿದವರ ನೋಟ ಅದು. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಈ ತೊಂದರೆಗೆ ಇಂಗ್ಲಿಷಿನಲ್ಲಿರುವ ಹೆಸರು, ಸ್ಕ್ರೂಪ್ಯುಲಾಸಿಟಿ, ಲ್ಯಾಟಿನ್ ಭಾಷೆಯ ಒಂದು ಶಬ್ದದಿಂದ ಬಂದದ್ದಂತೆ, ಅರ್ಥ ಚೂಪಾದ ಸಣ್ಣ ಕಲ್ಲು. ಚಪ್ಪಲಿಯೊಳಗೆ ಸೇರಿದ ಹರಳು.

ಮೇಡಂ ಕೊಟ್ಟ ಅತಿ ಕಷ್ಟದ ಕೆಲಸ ಇದು: ಕರ್ತನ ಪ್ರಾರ್ಥನೆಯನ್ನು ಅವರ ಎದುರು ಜೋರಾಗಿ, ಕನ್ನಡದಲ್ಲಿ, ಬೇಕಂತಲೇ ಒಂದು ತಪ್ಪು ಮಾಡಿ ಹೇಳಬೇಕು. ಹೇಳಿ ಆಮೆನ್ ಅನ್ನಬೇಕು. ತಿದ್ದಬಾರದು. ಅಯ್ಯನವರ ಒಪ್ಪಿಗೆ ಸಿಕ್ಕಿತ್ತು. ನಾನು "ಈ ಹೊತ್ತು" ಬದಲು "ನಾಳೆ" ಅಂತ ಇಟ್ಟುಕೊಂಡೆ. ನಮ್ಮ ಅನುದಿನದ ಆಹಾರವನ್ನು ನಾಳೆ ನಮಗೆ ದಯಪಾಲಿಸು. ಹೇಳುವಾಗ ಅಂಗೈ ಒದ್ದೆ, ಕಿವಿಯಲ್ಲಿ ಗುಂಯ್. ಮುಗಿದ ಮೇಲೆ ಮೇಡಂ ಕೇಳಿದರು, "ತಪ್ಪು ಎಲ್ಲಿ ಮಾಡಿದಿರಿ? ನನಗೆ ಕನ್ನಡ ಬರಲ್ಲ, ಗೊತ್ತಾಗಲಿಲ್ಲ." ಹೇಳಲು ಬಾಯಿ ತೆರೆದೆ. "ಬೇಡ, ಹೇಳಬೇಡಿ," ಅಂದರು. "ಅದೂ ಅರಿಕೆಯೇ ಆಗುತ್ತದೆ." ಹಾಗೇ ಕೂತೆವು, ಇಪ್ಪತ್ತೈದು ನಿಮಿಷ. ಹೆದರಿಕೆ ಹತ್ತಕ್ಕೆ ಒಂಬತ್ತಿತ್ತು. ಏಳಾಯಿತು. ಮತ್ತೆ ಎಂಟು. ಆಮೇಲೆ ನಾಲ್ಕು. ಅಲ್ಲಿಂದ ಮಾಟುಂಗಾಗೆ ನಡೆದು ಹೋಗಿ ಒಂದು ಉಡುಪಿ ಹೋಟೆಲಿನಲ್ಲಿ ಫಿಲ್ಟರ್ ಕಾಫಿ ಕುಡಿದೆ. ಇಡ್ಲಿಯನ್ನೂ ತಿಂದೆ. ನಾಳೆಯ ಆಹಾರ ಇವತ್ತೇ.

ಯಾರಾದರೂ ಹುಡುಕುತ್ತಿದ್ದರೆ ಅಂತ ಹೇಳುತ್ತೇನೆ. ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಹೇಳಿಕೊಳ್ಳುವವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರಬೇಕು, ನಂಬರ್ ಕೇಳಿ, ನಾಚಿಕೆ ಬೇಡ. ಕೌನ್ಸೆಲರ್ ಅನ್ನುವ ಬೋರ್ಡು ಮಾತ್ರ ನೋಡಿ ಒಳಗೆ ಹೋಗಬೇಡಿ, ನಾನು ಹೋದ ಹಾಗೆ. "ನೀವು ಕ್ರಿಶ್ಚಿಯನ್ನಾ" ಬದಲು ನಾನು ಈಗಾದರೆ ಕೇಳುವುದು, "ದೇವರ ವಿಷಯದ ಗೀಳು ಇರುವವರನ್ನು ನೋಡಿದ್ದೀರಾ? ನನ್ನ ಪಾಸ್ಟರ್ ಹತ್ತಿರ ಮಾತಾಡಬೇಕಾದರೆ ಮಾತಾಡ್ತೀರಾ?" ಅಂತ. ಎರಡನೆಯದಕ್ಕೆ ಬರುವ ಉತ್ತರದ ದನಿಯಲ್ಲೇ ಅರ್ಧ ಗೊತ್ತಾಗುತ್ತದೆ. ಕ್ರೈಸ್ತ ಮನೋವೈದ್ಯರು ಬೇಡ ಅಂತಲ್ಲ. ಕೆಲಸ ಗೊತ್ತಿರುವ ಒಬ್ಬರು ಹತ್ತಿರದಲ್ಲಿದ್ದಿದ್ದರೆ ಅಷ್ಟು ಸುತ್ತು ತಪ್ಪುತ್ತಿತ್ತು.

ಎರಡು ವರ್ಷವಾಯಿತು. ಮಾತ್ರೆ ಇನ್ನೂ ಇದೆ, ಅರ್ಧಕ್ಕೆ ಇಳಿದಿದೆ. ಮೇಡಂ ಹತ್ತಿರ ತಿಂಗಳಿಗೊಂದು ಸಲ ಹೋಗುತ್ತೇನೆ. ಹೊಲಸು ಮಾತು ಈಗಲೂ ಬರುತ್ತದೆ, ಕುರ್ಲಾ ಹತ್ತಿರ ಜಾಸ್ತಿ, ಯಾಕೋ. ಬಂದರೆ ಬರಲಿ, ಕಿವಿಯೋಲೆ ಮಾರುವವಳ ಹಾಗೆ ಅದೂ ಮುಂದಿನ ಸ್ಟೇಷನ್ನಿನಲ್ಲಿ ಇಳಿಯುತ್ತದೆ. ಹೋದ ವಾರ ಎರಡು ಸಲ ಮೊದಲಿನಿಂದ ಶುರು ಮಾಡಿದ್ದೂ ಉಂಟು.

ಈ ಕ್ರಿಸ್ಮಸ್‌ಗೆ ಅಮ್ಮ ಬಂದಿದ್ದರು. ರಾತ್ರಿ ಊಟಕ್ಕೆ ಮುಂಚೆ ಮನೆಯವರೆಲ್ಲ ಕೂತು ಪ್ರಾರ್ಥನೆ. ನನ್ನ ಸರದಿ. ಹೇಳಿದೆ, ಆಮೆನ್ ಅಂದೆ, ಕಣ್ಣು ತೆರೆದೆ. ಅಮ್ಮ ಇನ್ನೂ ಸೆರಗು ಹಿಡಿದುಕೊಂಡೇ ಇದ್ದರು.

"ಆಂಡಾ?" ಅಂದರು ತುಳುವಿನಲ್ಲಿ. ಆಯಿತಾ?

"ಆಂಡ್."

"ಹಾಗಾದ್ರೆ ತಟ್ಟೆ ಇಡು. ಬೂತಾಯಿ ಮೀನು ತಣಿಯುತ್ತದೆ."